ದಶಕದ ಹತ್ತು ಹಾಡು: ಪಟ್ಟಿ ಯಾರದ್ದು, ಕಿವಿ ಯಾರದ್ದು?



ವರ್ಷ ಮುಗಿಯುವಾಗ ಹೊಸ ಕ್ಯಾಲೆಂಡರ್ ಬರುವ ಹಾಗೆ ಪಟ್ಟಿಗಳೂ ಬರುತ್ತವೆ. ವರ್ಷದ ಹತ್ತು ಸಿನಿಮಾ, ವರ್ಷದ ಹತ್ತು ಆಟಗಾರರು, ವರ್ಷದ ಹತ್ತು ಹಾಡು. ದಶಕ ಮುಗಿದರೆ ಇನ್ನೂ ಜೋರು. ವಿಮರ್ಶಕರು ಕೂತು ಹತ್ತು ವರ್ಷದ ಸಾವಿರಾರು ಹಾಡುಗಳಲ್ಲಿ ಇದು ಒಂದನೆಯದು, ಇದು ಏಳನೆಯದು ಎಂದು ನಂಬರ್ ಹಾಕಿ ಬಿಡುತ್ತಾರೆ. ಓದುವ ನಮಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೂ ಕೊನೆಯವರೆಗೆ ಓದುತ್ತೇವೆ. ನಮ್ಮ ಹಾಡು ಉಂಟಾ ಇಲ್ಲವಾ ಎಂದು ನೋಡಬೇಕಲ್ಲ!

ಈ ಸಲ ನಮ್ಮ ಯುವ ಸಂಘಟನೆಯಲ್ಲಿ ಇದೇ ಚರ್ಚೆ ಎದ್ದಿತು. ವಾರ್ಷಿಕೋತ್ಸವಕ್ಕೆ 2010ರಿಂದ 2019ರವರೆಗಿನ ಕನ್ನಡ ಹಾಡುಗಳಲ್ಲಿ ಹತ್ತನ್ನು ಆರಿಸಿ ಒಂದು ಮೆಡ್ಲಿ ಮಾಡುವುದೆಂದು ಮಾತಾಗಿತ್ತು. ಯಾರೋ ಮೊಬೈಲಿನಲ್ಲಿ ಒಂದು ಪಟ್ಟಿ ತಂದರು, ಮತ್ತೊಬ್ಬರು ಇನ್ನೊಂದು. ಎರಡೂ ಪಟ್ಟಿಯಲ್ಲಿ ಒಂದೇ ಹಾಡು ಇದ್ದದ್ದು ಬಹಳ ಕಡಿಮೆ. "ಇವರೆಲ್ಲ ಯಾವ ಊರಿನಲ್ಲಿ ಕೂತು ಕೇಳುತ್ತಾರೆ ಮಾರಾಯ?" ಎಂದು ನಮ್ಮ ಕೀಬೋರ್ಡ್ ಬಾರಿಸುವ ತಮ್ಮ ಕೇಳಿದ. ಆ ಪ್ರಶ್ನೆ ತಮಾಷೆಗೆ ಕೇಳಿದ್ದು. ಆದರೆ ಯೋಚಿಸಿದಷ್ಟೂ ಅದರಲ್ಲಿ ವಿಷಯ ಉಂಟು ಎಂದು ನಮಗೆ ಕಂಡಿತು. ಅದನ್ನೇ ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲು, ದಶಕ ಎಂದರೆ ಯಾವುದು?

ನಗಬೇಡಿ. ಮೊದಲ ಅರ್ಧ ಗಂಟೆ ಹೋದದ್ದು ಇದರಲ್ಲೇ. ಕ್ರಿಸ್ತಶಕದ ಎಣಿಕೆಯಲ್ಲಿ ಸೊನ್ನೆ ಎಂಬ ವರ್ಷ ಇಲ್ಲ. 525ರಲ್ಲಿ ಈ ಎಣಿಕೆಯನ್ನು ರೂಪಿಸಿದ ದಿಯೊನೀಸಿಯುಸ್ ಎಂಬ ಸನ್ಯಾಸಿ ಒಂದರಿಂದಲೇ ಶುರು ಮಾಡಿದರು. ಆ ಲೆಕ್ಕದಲ್ಲಿ ದಶಕ ಎಂದರೆ 2011ರಿಂದ 2020. ಆದರೆ ಜನ ಮಾತಾಡುವುದು 2010ರಿಂದ 2019 ಎಂದೇ, ಹೆಚ್ಚಿನ ಪತ್ರಿಕೆಗಳು ಪಟ್ಟಿ ಮಾಡುವುದೂ ಹಾಗೆಯೇ. ನಾವೂ ಅದನ್ನೇ ಒಪ್ಪಿಕೊಂಡೆವು.

ಗೆರೆ ಎಳೆದ ಮೇಲೂ ಕಷ್ಟ ತಪ್ಪಲಿಲ್ಲ. ‘ಮುಂಗಾರು ಮಳೆ’ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ಕ್ಕೆ. ‘ಕಿರಿಕ್ ಪಾರ್ಟಿ’ ಬಂದದ್ದು 2016ರ ಡಿಸೆಂಬರ್ 30ಕ್ಕೆ. ಕಾಗದದಲ್ಲಿ ಇವು 2006 ಮತ್ತು 2016ರ ಸಿನಿಮಾಗಳು. ಆದರೆ ಜನ ಅವುಗಳ ಹಾಡು ಕೇಳಿದ್ದು, ಮದುವೆಗಳಲ್ಲಿ ಹಾಕಿದ್ದು, ಕಾಲೇಜ್ ಡೇಗಳಲ್ಲಿ ಹಾಡಿದ್ದು ಎಲ್ಲ ಮುಂದಿನ ವರ್ಷ. ಜಯಂತ ಕಾಯ್ಕಿಣಿಯವರು ಬರೆದು ಮನೋಮೂರ್ತಿ ರಾಗ ಹಾಕಿ ಸೋನು ನಿಗಮ್ ಹಾಡಿದ ಆ ಮಳೆಯ ಸಿನಿಮಾದ ಹಾಡನ್ನು ನಮ್ಮ ಗುಂಪಿನ ಸಣ್ಣವರು ಕೇಳಿದ್ದು ಹತ್ತು ವರ್ಷ ಕಳೆದ ಮೇಲೆ. ಅವರ ಪಾಲಿಗೆ ಅದು ಅವರ ದಶಕದ ಹಾಡೇ. ಹಾಡಿಗೆ ಹುಟ್ಟಿದ ದಿನ ಒಂದೇ ಇರಬಹುದು, ಮನೆಗೆ ಬಂದ ದಿನ ಮನೆಮನೆಗೂ ಬೇರೆ.

ಪಟ್ಟಿಯ ಚಟ ಹೊಸದಲ್ಲ

ಈ ನಂಬರ್ ಹಾಕುವ ಅಭ್ಯಾಸ ಮೊಬೈಲ್ ಬಂದ ಮೇಲೆ ಶುರುವಾಯಿತು ಎಂದು ತಿಳಿಯಬೇಡಿ. ನಮ್ಮ ಅಜ್ಜ ಅಜ್ಜಿಯವರನ್ನು ಕೇಳಿ, ರೇಡಿಯೋ ಸಿಲೋನ್ ಹೆಸರು ಹೇಳಿದರೆ ಮುಖ ಅರಳುತ್ತದೆ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಹೊರಗೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೊಲಂಬೊದಿಂದ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಅಮೀನ್ ಸಯಾನಿಯವರ ದನಿಯಲ್ಲಿ ವಾರವಾರ ಹಾಡುಗಳಿಗೆ ಮೆಟ್ಟಿಲು ಕೊಟ್ಟರು. ದೇಶವೇ ರೇಡಿಯೋ ಎದುರು ಕೂತಿತು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ‘ವಿವಿಧ ಭಾರತಿ’ ತಂದು ಸಿನಿಮಾ ಹಾಡಿಗೆ ಬಾಗಿಲು ತೆರೆಯಬೇಕಾಯಿತು.

ಈ ಕಥೆಯಲ್ಲಿ ಇಬ್ಬರು ತೀರ್ಪುಗಾರರು ಇದ್ದಾರೆ ನೋಡಿ. ಒಬ್ಬರು "ಇದು ಒಳ್ಳೆಯ ಸಂಗೀತವೇ ಅಲ್ಲ" ಎಂದು ದೊಡ್ಡ ಕುರ್ಚಿಯಿಂದ ಹೇಳಿದರು. ಇನ್ನೊಂದು ಕಡೆ ರೆಕಾರ್ಡ್ ಅಂಗಡಿಯ ಮಾರಾಟ ಮತ್ತು ಕೇಳುಗರ ಪತ್ರಗಳು "ಇದೇ ಬೇಕು" ಎಂದವು. ವಿಮರ್ಶಕರು ಮತ್ತು ಜನರು, ಇವರ ಜಗಳ ಅಷ್ಟು ಹಳೆಯದು.

ಇವತ್ತಿಗೂ ಅದು ಮುಗಿದಿಲ್ಲ. ಯುರೋಪಿನಲ್ಲಿ ಪ್ರತಿ ವರ್ಷ ನಡೆಯುವ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ತೀರ್ಪುಗಾರರ ಅಂಕ ಮತ್ತು ಜನರ ಅಂಕವನ್ನು ಬೇರೆಬೇರೆಯಾಗಿ ಹೇಳುತ್ತಾರೆ. 2023ರಲ್ಲಿ ಫಿನ್‌ಲೆಂಡಿನ ಹಾಡುಗಾರನಿಗೆ ಜನರಿಂದ 376 ಅಂಕ, ತೀರ್ಪುಗಾರರಿಂದ ಬರೀ 150. ಸ್ವೀಡನ್ನಿನ ಹಾಡುಗಾರ್ತಿಗೆ ತೀರ್ಪುಗಾರರಿಂದ 340, ಜನರಿಂದ 243. ಕೂಡಿಸಿದಾಗ 583ಕ್ಕೆ 526, ಗೆದ್ದದ್ದು ಸ್ವೀಡನ್. ಸಭಾಂಗಣದಲ್ಲಿ ಎಷ್ಟೋ ಜನ ಫಿನ್‌ಲೆಂಡಿನ ಹೆಸರು ಕೂಗುತ್ತಿದ್ದರು. ಯಾರು ಸರಿ? ಇಬ್ಬರಿಗೂ ಕೇಳಿದ ಪ್ರಶ್ನೆ ಒಂದೇ, ಇಬ್ಬರೂ ಕೇಳಿಸಿಕೊಂಡ ಪ್ರಶ್ನೆ ಬೇರೆ. ತೀರ್ಪುಗಾರರಿಗೆ "ಚೆನ್ನಾಗಿ ಮಾಡಿದವರು ಯಾರು?" ಎಂದು ಕೇಳಿಸಿತು. ಜನರಿಗೆ "ನಿಮಗೆ ಯಾರು ಬೇಕು?" ಎಂದು ಕೇಳಿಸಿತು.

ಜನರ ಓಟು ಸಾಕೇ?

"ಹಾಗಾದರೆ ವಿಮರ್ಶಕರನ್ನು ಬಿಡಿ, ಓಟು ಹಾಕಿ ಮುಗಿಸುವ" ಎಂದು ನಮ್ಮಲ್ಲಿ ಹೆಚ್ಚಿನವರು ಹೇಳಿದರು. ಕೇಳಲು ಚೆಂದ. ಆದರೆ ಒಂದು ನಿಜವಾದ ಕಥೆ ಕೇಳಿ.

2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್‌ಗೆ 70 ವರ್ಷ ತುಂಬಿತು. ಜಗತ್ತಿನ ಕೇಳುಗರಿಂದ ಓಟು ಕೇಳಿ ಜಗತ್ತಿನ ಹತ್ತು ಶ್ರೇಷ್ಠ ಹಾಡುಗಳ ಪಟ್ಟಿ ಮಾಡಿದರು. ಒಂದನೆಯದು ಐರ್ಲೆಂಡಿನ ಒಂದು ದೇಶಭಕ್ತಿ ಗೀತೆ. ಎರಡನೆಯದು ನಮ್ಮ ‘ವಂದೇ ಮಾತರಂ’. ಮೂರನೆಯದು ಪಾಕಿಸ್ತಾನದ ಒಂದು ದೇಶಪ್ರೇಮದ ಪಾಪ್ ಹಾಡು. ನಾಲ್ಕನೆಯದು ಯಾವುದು ಗೊತ್ತಾ? 1991ರ ‘ದಳಪತಿ’ ಸಿನಿಮಾಕ್ಕೆ ಇಳಯರಾಜ ಮಾಡಿದ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಸ್ವರ್ಣಲತಾ ಹಾಡಿದ ರಾಕಮ್ಮನ ಹಾಡು! ಅದನ್ನು ಕೇಳಿ ನಮ್ಮ ತಮಿಳು ಸಿನಿಮಾ ಪ್ರೇಮಿ ಅಣ್ಣ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದೂ ಆಯಿತು.

ಖುಷಿಯ ವಿಷಯವೇ. ಆದರೆ ಬೀಟಲ್ಸ್ ಎಲ್ಲಿ, ಬಾಖ್ ಎಲ್ಲಿ, ಆಫ್ರಿಕಾ ಎಲ್ಲಿ ಎಂದು ಕೇಳಿದರೆ ಆ ಪಟ್ಟಿಯಲ್ಲಿ ಉತ್ತರ ಇಲ್ಲ. ಒಟ್ಟಾಗಿ ಓಟು ಹಾಕುವ ಅಭಿಮಾನಿಗಳು ಇದ್ದವರ ಹಾಡು ಮೇಲೆ ಬಂತು. ಓಟಿನಲ್ಲಿ ಗೆಲ್ಲುವುದು ಹಾಡಿನಷ್ಟೇ ಸಂಘಟನೆಯೂ ಹೌದು. ಯೂಟ್ಯೂಬಿನ ಎಣಿಕೆಯೂ ಹಾಗೆಯೇ. ಅರ್ಜುನ್ ಜನ್ಯ ಸಂಗೀತದ ‘ರ‍್ಯಾಂಬೋ 2’ ಸಿನಿಮಾದ ಕುಣಿತದ ಹಾಡು 10 ಕೋಟಿಗೂ ಹೆಚ್ಚು ಸಲ ನೋಡಲ್ಪಟ್ಟಿದೆ. ನಮ್ಮ ಊರಿನ ಮದುವೆಗಳಲ್ಲೂ ಅದಕ್ಕೆ ಕುಣಿಯದವರು ಕಡಿಮೆ. ಆದರೆ ಅದೇ ಹಾಡನ್ನು ರಾತ್ರಿ ಒಬ್ಬರೇ ಕೂತು ಕಣ್ಣು ಮುಚ್ಚಿ ಕೇಳಿದ್ದೀರಾ ಎಂದು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಕುಣಿಸುವುದು ಸಣ್ಣ ಕೆಲಸವಲ್ಲ. ಆದರೆ ಅದು ಹಾಡು ಮಾಡುವ ಕೆಲಸಗಳಲ್ಲಿ ಒಂದು ಮಾತ್ರ.

ಸ್ವಲ್ಪ ಲೆಕ್ಕ ಮಾಡುವ

ಬಿಎಸ್ಸಿ ಓದಿದ ನಾವು ಇಲ್ಲಿ ಸ್ವಲ್ಪ ಲೆಕ್ಕ ಹೇಳದಿದ್ದರೆ ಓದಿದ್ದು ಎಂತಕ್ಕೆ? ಮೂರು ಹಾಡು ಇಟ್ಟುಕೊಳ್ಳಿ. 2017ರ ‘ರಾಜಕುಮಾರ’ದ ಬೊಂಬೆ ಹಾಡು, ‘ಕಿರಿಕ್ ಪಾರ್ಟಿ’ಯ ಬೆಳಗಿನ ಹಾಡು, ‘ನಾತಿಚರಾಮಿ’ಯ ‘ಮಾಯಾವಿ ಮನವೆ’. ಮೂರು ಜನ ಓಟುದಾರರು: ಒಬ್ಬರು ಟೀಚರ್ ಅಕ್ಕ, ಒಬ್ಬ ತಮ್ಮ, ಒಬ್ಬರು ಮಾಮ.

ಟೀಚರ್ ಅಕ್ಕನ ಕ್ರಮ: ನಾತಿಚರಾಮಿ, ರಾಜಕುಮಾರ, ಕಿರಿಕ್ ಪಾರ್ಟಿ.
ತಮ್ಮನ ಕ್ರಮ: ಕಿರಿಕ್ ಪಾರ್ಟಿ, ನಾತಿಚರಾಮಿ, ರಾಜಕುಮಾರ.
ಮಾಮನ ಕ್ರಮ: ರಾಜಕುಮಾರ, ಕಿರಿಕ್ ಪಾರ್ಟಿ, ನಾತಿಚರಾಮಿ.

ಈಗ ಎರಡೆರಡನ್ನೇ ಹೋಲಿಸಿ. ನಾತಿಚರಾಮಿಗೂ ರಾಜಕುಮಾರನಿಗೂ ಸ್ಪರ್ಧೆ ಇಟ್ಟರೆ ಅಕ್ಕ ಮತ್ತು ತಮ್ಮ ಸೇರಿ ನಾತಿಚರಾಮಿಯನ್ನು ಗೆಲ್ಲಿಸುತ್ತಾರೆ. ರಾಜಕುಮಾರನಿಗೂ ಕಿರಿಕ್ ಪಾರ್ಟಿಗೂ ಇಟ್ಟರೆ ಅಕ್ಕ ಮತ್ತು ಮಾಮ ಸೇರಿ ರಾಜಕುಮಾರನನ್ನು ಗೆಲ್ಲಿಸುತ್ತಾರೆ. ಸರಿ, ಹಾಗಾದರೆ ನಾತಿಚರಾಮಿ ಕಿರಿಕ್ ಪಾರ್ಟಿಯನ್ನು ಸುಲಭವಾಗಿ ಸೋಲಿಸಬೇಕಲ್ಲ? ಇಲ್ಲ! ತಮ್ಮ ಮತ್ತು ಮಾಮ ಸೇರಿ ಕಿರಿಕ್ ಪಾರ್ಟಿಯನ್ನು ಗೆಲ್ಲಿಸುತ್ತಾರೆ. ಮೂವರೂ ಪ್ರಾಮಾಣಿಕರು, ಮೂವರಿಗೂ ಸ್ಪಷ್ಟ ಅಭಿಪ್ರಾಯ ಉಂಟು. ಆದರೆ ಗುಂಪಿಗೆ ಒಂದು ಅಭಿಪ್ರಾಯ ಇಲ್ಲ, ಸುತ್ತು ತಿರುಗುತ್ತದೆ. ಮೊದಲ ಸ್ಥಾನಕ್ಕೆ ಎರಡು, ಎರಡನೆಯದಕ್ಕೆ ಒಂದು, ಕೊನೆಯದಕ್ಕೆ ಸೊನ್ನೆ ಎಂದು ಅಂಕ ಕೊಟ್ಟು ನೋಡಿ. ಮೂರು ಹಾಡಿಗೂ ಸರಿಯಾಗಿ ಮೂರು ಮೂರು ಅಂಕ.

ಇದನ್ನು 1785ರಲ್ಲೇ ಫ್ರಾನ್ಸಿನ ಕಾಂಡೋರ್ಸೆ ಎಂಬ ಗಣಿತಜ್ಞ ಬರೆದಿಟ್ಟಿದ್ದಾರೆ. 1951ರಲ್ಲಿ ಅಮೆರಿಕದ ಕೆನೆತ್ ಆ್ಯರೋ ಇನ್ನೂ ಮುಂದೆ ಹೋಗಿ, ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದರೆ ನಾವು ನ್ಯಾಯ ಎಂದು ಒಪ್ಪುವ ಕೆಲವು ಸರಳ ನಿಯಮಗಳನ್ನೆಲ್ಲ ಒಟ್ಟಿಗೆ ಪಾಲಿಸಿ, ಹಲವರ ಕ್ರಮಗಳನ್ನು ಒಂದೇ ಕ್ರಮವಾಗಿ ಮಾಡುವ ವಿಧಾನವೇ ಇಲ್ಲ ಎಂದು ಸಾಧಿಸಿದರು. 1972ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಸಭೆಯಲ್ಲಿ ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದಾಗ ಎರಡು ನಿಮಿಷ ಎಲ್ಲರೂ ಸುಮ್ಮನಾದರು. ಮತ್ತೆ ಮಾಮ ಹೇಳಿದರು: "ಹಾಗಾದರೆ ಜಗಳ ನಮ್ಮ ತಪ್ಪಲ್ಲ, ಗಣಿತದ ತಪ್ಪು!"

ಅಂದರೆ "ದಶಕದ ನಂಬರ್ ಒನ್ ಹಾಡು" ಎನ್ನುವುದು ಎಲ್ಲೋ ಅಡಗಿ ಕೂತಿದೆ, ಚೆನ್ನಾಗಿ ಹುಡುಕಿದರೆ ಸಿಗುತ್ತದೆ ಎಂದು ತಿಳಿಯುವುದು ಸರಿಯಲ್ಲ. ಯಾರನ್ನು ಕೇಳಿದೆವು, ಹೇಗೆ ಎಣಿಸಿದೆವು ಎನ್ನುವುದೂ ಉತ್ತರದ ಒಂದು ಭಾಗ.

ಇದಕ್ಕೆ ದೊಡ್ಡ ಉದಾಹರಣೆ ಬೇಕಾ? ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2004ರಲ್ಲಿ ಸಾರ್ವಕಾಲಿಕ 500 ಶ್ರೇಷ್ಠ ಹಾಡುಗಳ ಪಟ್ಟಿ ಮಾಡಿತು. ಮೊದಲ ಸ್ಥಾನ ಬಾಬ್ ಡಿಲನ್‌ಗೆ. 2021ರಲ್ಲಿ ಅದೇ ಪತ್ರಿಕೆ ಹೊಸಬರನ್ನೂ ಸೇರಿಸಿ, 250ಕ್ಕೂ ಹೆಚ್ಚು ಜನರಿಂದ ಮತ್ತೆ ಓಟು ಪಡೆಯಿತು. ಮೊದಲ ಸ್ಥಾನಕ್ಕೆ ಬಂದದ್ದು ಅರಿಥಾ ಫ್ರ್ಯಾಂಕ್ಲಿನ್, ತಂದೆಯ ಚರ್ಚಿನಲ್ಲಿ ಹಾಡಿ ಬೆಳೆದ ಕಪ್ಪು ಹೆಣ್ಣುಮಗಳು. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಹಾಡುಗಳು ಹಿಂದಿನ ಪಟ್ಟಿಯಲ್ಲಿ ಇರಲೇ ಇಲ್ಲ. ಅರಿಥಾ ಅವರ ಆ ಹಾಡು 1967ರದ್ದು. ಹದಿನೇಳು ವರ್ಷದಲ್ಲಿ ಹಾಡಿನ ಒಂದು ಸ್ವರವೂ ಬದಲಾಗಲಿಲ್ಲ. ಕೋಣೆಯಲ್ಲಿ ಕೂತವರು ಬದಲಾದರು.

ಹಾಗಾದರೆ ವಿಮರ್ಶಕರು ಬೇಡವೇ?

ಬೇಕು. ಇದನ್ನು ಒತ್ತಿ ಹೇಳುತ್ತೇವೆ. 2018ರ ಸಿನಿಮಾಗಳಿಗೆ ಕೊಟ್ಟ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 2019ರ ಆಗಸ್ಟ್‌ನಲ್ಲಿ ಪ್ರಕಟವಾದಾಗ, ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ‘ಮಾಯಾವಿ ಮನವೆ’ ಹಾಡಿದ ಬಿಂದುಮಾಲಿನಿಯವರಿಗೆ ಬಂತು. ಅದೇ ಹಾಡಿನ ಸಾಹಿತ್ಯಕ್ಕೆ ಮಂಜುನಾಥ ಎಸ್. ಅವರಿಗೂ ಪ್ರಶಸ್ತಿ. ನಮ್ಮ ಗುಂಪಿನಲ್ಲಿ ಆ ಹಾಡನ್ನು ಮೊದಲೇ ಕೇಳಿದ್ದವರು ಟೀಚರ್ ಅಕ್ಕ ಒಬ್ಬರೇ. ಮದುವೆ ಮನೆಯಲ್ಲಿ ಅದನ್ನು ಯಾರೂ ಹಾಕುವುದಿಲ್ಲ, ಆಟೋದಲ್ಲಿ ಕೇಳಿಸುವುದಿಲ್ಲ. ತೀರ್ಪುಗಾರರು ಬೆರಳು ತೋರಿಸದಿದ್ದರೆ ಅದು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅಂದು ಎಲ್ಲರೂ ಕೂತು ಕೇಳಿದೆವು. ಮುಗಿದ ಮೇಲೆ ತಮ್ಮ "ಇನ್ನೊಂದು ಸಲ ಹಾಕಿ" ಎಂದ. ವಿಮರ್ಶಕರ ಕೆಲಸ ಇದೇ ಅಲ್ಲವೇ? ನಂಬರ್ ಹಾಕುವುದಕ್ಕಿಂತ "ಇಲ್ಲೊಂದು ಉಂಟು, ಕೇಳಿ ನೋಡಿ" ಎನ್ನುವುದು.

ಹಳೆಯದನ್ನೂ ನೆನಪಿಸಿಕೊಳ್ಳಿ. ಚಂದ್ರಶೇಖರ ಕಂಬಾರರ ಸಾಹಿತ್ಯದ ‘ಕಾಡು ಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರ ಪ್ರಶಸ್ತಿ ಬಂತು. 1992ರ ‘ಜೀವನ ಚೈತ್ರ’ದ ಹಾಡಿಗೆ ಡಾ. ರಾಜಕುಮಾರ್ ಅವರಿಗೆ ಬಂತು. 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ ಎಸ್.ಪಿ.ಬಿ. ಮತ್ತು ಹಂಸಲೇಖ ಇಬ್ಬರಿಗೂ ಬಂತು. ಇವುಗಳಲ್ಲಿ ಯಾವುದೂ ಸುಲಭವಾಗಿ ಬಾಯಲ್ಲಿ ಗುನುಗುವ ಹಾಡಲ್ಲ. ಆದರೆ ಹಾಡುವುದು ಎಷ್ಟು ಕಷ್ಟದ ವಿದ್ಯೆ ಎಂದು ಗೊತ್ತಾಗಬೇಕಾದರೆ ಇವನ್ನು ಒಮ್ಮೆ ಹಾಡಲು ಪ್ರಯತ್ನಿಸಿ. ನಮ್ಮ ಕ್ವಾಯರಿನಲ್ಲಿ ಪ್ರಯತ್ನಿಸಿದವರು ಎರಡನೇ ಸಾಲಿಗೇ ಉಸಿರು ಬಿಟ್ಟರು.

ಆದರೆ ವಿಮರ್ಶಕರ ಪಟ್ಟಿಗೂ ಒಂದು ಮಿತಿ ಉಂಟು. ಅದು ಬರೆದ ದಿನದ ಪಟ್ಟಿ. ವಿ. ಹರಿಕೃಷ್ಣ ಸಂಗೀತದಲ್ಲಿ ವಿಜಯಪ್ರಕಾಶ್ ಹಾಡಿದ ‘ರಾಜಕುಮಾರ’ದ ಬೊಂಬೆ ಹಾಡನ್ನೇ ನೋಡಿ. ಬಂದಾಗ ಅದು ತಂದೆಯ ‘ಕಸ್ತೂರಿ ನಿವಾಸ’ವನ್ನು ನೆನಪಿಸುವ, ಅಭಿಮಾನಿಗಳ ಖುಷಿಯ ಹಾಡು. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜಕುಮಾರ್ ತೀರಿಕೊಂಡರು, ಅವರಿಗೆ ಇನ್ನೂ 46 ವರ್ಷ. ಅಂದಿನಿಂದ ಆ ಹಾಡು ಬೇರೆಯೇ ಆಯಿತು. ಅದನ್ನು ಹಾಕಿದರೆ ಈಗ ಕುಣಿಯುವವರಿಲ್ಲ, ಸುಮ್ಮನೆ ನಿಲ್ಲುವವರೇ. 2019ರ ಡಿಸೆಂಬರಿನಲ್ಲಿ ಪಟ್ಟಿ ಬರೆದ ವಿಮರ್ಶಕರಿಗೆ ಇದು ಹೇಗೆ ತಿಳಿಯಬೇಕು?

ಪಟ್ಟಿಯ ಬಾಗಿಲ ಹೊರಗೆ ನಿಂತವರು

ಇನ್ನೊಂದು ಮಾತು. ಕನ್ನಡದ ದಶಕದ ಹಾಡು ಎಂದ ಕೂಡಲೇ ಎಲ್ಲರೂ ಸಿನಿಮಾಕ್ಕೆ ಹೋಗುತ್ತಾರೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ನಡೆದಾಗ ಸೇರಿದ ಜನಸಾಗರ ಭಾವಗೀತೆಗೆ ಬಂದದ್ದು, ಸಿನಿಮಾಕ್ಕಲ್ಲ. ಆದರೂ ಸಿನಿಮಾ ಹಾಡಿನ ಪಟ್ಟಿಯಲ್ಲಿ ಭಾವಗೀತೆಗೆ ಜಾಗ ಇಲ್ಲ.

ನಮ್ಮ ಕಡೆಗೆ ಬಂದರೆ ಹೊರಗೆ ನಿಂತವರು ಇನ್ನೂ ಹೆಚ್ಚು. ಶಿರಿಯದಲ್ಲಿ ಒಂದೇ ದಿನದಲ್ಲಿ ನಾವು ಎಷ್ಟು ಭಾಷೆಯ ಹಾಡು ಕೇಳುತ್ತೇವೆ ಎಂದು ಎಣಿಸಿ ನೋಡಿ. ಬಸ್ಸಿನಲ್ಲಿ ಮಲಯಾಳ, ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು ಅಥವಾ ಬ್ಯಾರಿ, ಮೊಬೈಲಿನಲ್ಲಿ ಹಿಂದಿ, ಇಂಗ್ಲಿಷ್. ಮದುವೆಯ ಹಿಂದಿನ ದಿನದ ರೋಸ್‌ನಲ್ಲಿ ವಿಲ್ಫಿ ರೆಬಿಂಬಸ್ ಅವರ ಹಾಡು ಇಲ್ಲದೆ ಆಗುತ್ತದಾ? ಕೊಂಕಣ್ ಕೋಗುಳ್ ಎಂದು ಕರೆಸಿಕೊಂಡ ಅವರು 2010ರ ಮಾರ್ಚ್‌ನಲ್ಲಿ ತೀರಿಕೊಂಡರು. ಆ ದಶಕ ಪೂರ್ತಿ ನಮ್ಮ ಮನೆಗಳಲ್ಲಿ ಅವರ ದನಿ ಮಾತ್ರ ನಿಲ್ಲಲಿಲ್ಲ. ಅವರ ಹಾಡು ಯಾವ ದಶಕಕ್ಕೆ ಸೇರಿದ್ದು? 2008ರ ಜನವರಿ 26 ಮತ್ತು 27ರಂದು ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು 40 ಗಂಟೆ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅಲ್ಲಿ ಯಾವ ಹಾಡಿಗೂ ನಂಬರ್ ಇರಲಿಲ್ಲ. ಒಂದು ತಂಡ ಇಳಿದರೆ ಇನ್ನೊಂದು ತಂಡ ಹತ್ತುತ್ತಿತ್ತು, ಅಷ್ಟೆ.

1956ರ ನವೆಂಬರ್ 1ರಿಂದ ನಾವು ಕೇರಳದವರು. ಕರ್ನಾಟಕದ ಪಟ್ಟಿ ಬೆಂಗಳೂರಿನಲ್ಲಿ ಆಗುತ್ತದೆ, ಕೇರಳದ ಪಟ್ಟಿ ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಆಗುತ್ತದೆ. ಎರಡರಲ್ಲೂ ನಾವು ಅಂಚಿನವರು. ಇದು ದೂರಲ್ಲ, ನಾವು ಇರುವ ಜಾಗ ಹಾಗೆ. 2015ರ ‘ಪ್ರೇಮಂ’ ಹಾಡುಗಳೂ 2017ರ ‘ಜಿಮಿಕ್ಕಿ ಕಮ್ಮಲ್’ ಕೂಡ ನಮ್ಮ ದಶಕದ ಹಾಡುಗಳೇ. ಅವನ್ನು ಬಿಟ್ಟು ನಮ್ಮ ಕಾಲೇಜಿನ ದಿನಗಳ ನೆನಪು ಹೇಳಲು ಆಗುವುದಿಲ್ಲ. ಅಂಚಿನಲ್ಲಿ ಇರುವವರಿಗೆ ಎರಡು ಕಡೆಯ ಹಾಡೂ ಕೇಳಿಸುತ್ತದೆ ಎನ್ನುವುದು ಸಣ್ಣ ಲಾಭವೇನಲ್ಲ.

ಆದರೆ ನಷ್ಟವೂ ಉಂಟು. ಅದನ್ನು ನಾವು ಕಂಡದ್ದು ಅಭ್ಯಾಸದ ದಿನಗಳಲ್ಲಿ. ಐದನೇ ಕ್ಲಾಸಿನ ಒಬ್ಬ ಪುಟ್ಟ ತಂಗಿ ಚೆನ್ನಾಗಿ ಹಾಡುತ್ತಾಳೆ, ಕನ್ನಡದ ಉಚ್ಚಾರ ಸ್ವಚ್ಛ. ಅವಳ ಕೈಯಲ್ಲಿದ್ದ ಕಾಗದ ನೋಡಿದರೆ ಕನ್ನಡ ಹಾಡು, ಪೂರ್ತಿ ಮಲಯಾಳ ಅಕ್ಷರದಲ್ಲಿ. "ಅಕ್ಕ, ನನಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ, ಕೇಳಿದರೆ ಗೊತ್ತಾಗ್ತದೆ" ಎಂದಳು. ಅವಳ ಅಜ್ಜಿ ಮನೆಯಲ್ಲಿ ಕನ್ನಡ ಪತ್ರಿಕೆ ಓದುವವರು. ಒಂದು ಮನೆ, ಎರಡು ತಲೆಮಾರು ದಾಟುವಷ್ಟರಲ್ಲಿ ಅಕ್ಷರ ಹೋಗಿದೆ, ಹಾಡು ಮಾತ್ರ ಉಳಿದಿದೆ. ಹತ್ತು ಹಾಡಿನಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂದು ಜಗಳವಾಡುತ್ತಿದ್ದ ನಮಗೆ ಆ ಕಾಗದ ನೋಡಿದ ಮೇಲೆ ಪ್ರಶ್ನೆಯೇ ಬೇರೆಯಾಯಿತು. ಈ ಹುಡುಗಿಯ ಬಾಯಲ್ಲಿ ಉಳಿಯಬೇಕಾದ ಹಾಡು ಯಾವುದು?

ಆಗ ಯಾರೋ ನೆನಪಿಸಿದರು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟನೆಗೆ ಇಳಿದಿದ್ದರು. ಮರುವರ್ಷ, 2018ರ ಆಗಸ್ಟ್‌ನಲ್ಲಿ, ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಬಂತು. ನಮ್ಮ ಜಿಲ್ಲೆಯ ಕನ್ನಡ ಶಾಲೆ, ನಮ್ಮ ಮಾತಿನ ಧಾಟಿ, ವಾಸುಕಿ ವೈಭವ್ ಅವರ ಸಂಗೀತ. ‘ನಾತಿಚರಾಮಿ’ಗೆ ಪ್ರಶಸ್ತಿ ಕೊಟ್ಟ ಅದೇ 66ನೇ ಪ್ರಶಸ್ತಿಯಲ್ಲಿ ಇದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರ ಎಂಬ ಗೌರವ ಸಿಕ್ಕಿತು. ನಾವು ತಂದಿದ್ದ ಎರಡು ಪಟ್ಟಿಯಲ್ಲೂ ಈ ಸಿನಿಮಾದ ಹಾಡು ಇರಲಿಲ್ಲ. ನಮ್ಮ ಮೆಡ್ಲಿಯಲ್ಲಿ ಅದು ಇರಬೇಕು ಎಂದಾಗ ಮಾತ್ರ ಯಾರೂ ಎದುರು ಹೇಳಲಿಲ್ಲ. ಅದು ದಶಕದ ಶ್ರೇಷ್ಠ ರಾಗ ಎಂದು ನಾವು ವಾದ ಮಾಡುವುದಿಲ್ಲ. ಆದರೆ "ಈ ಹಾಡಿನಲ್ಲಿ ನಮ್ಮ ಊರು ಉಂಟಾ?" ಎಂದು ಒಂದು ಮಗು ಕೇಳಿದರೆ "ಉಂಟು" ಎಂದು ಹೇಳಲು ಒಂದಾದರೂ ಬೇಡವೇ?

ಪುಟ್ಟ ತಂಗಿಗೆ ಈಗ ಟೀಚರ್ ಅಕ್ಕ ಭಾನುವಾರ ಅರ್ಧ ಗಂಟೆ ಅಕ್ಷರ ಹೇಳಿಕೊಡುತ್ತಿದ್ದಾರೆ. ಪಾಠಪುಸ್ತಕ ಇಲ್ಲ, ಹಾಡಿನ ಸಾಲೇ ಪಾಠ. ಬಾಯಿಗೆ ಬರುವ ಶಬ್ದ ಕಣ್ಣಿಗೂ ಬೇಗ ಬರುತ್ತದೆ ಎಂದು ಅಕ್ಕ ಹೇಳುತ್ತಾರೆ. ಅವಳ ಜೊತೆ ಇನ್ನೂ ಕೆಲವು ಮಕ್ಕಳು ಕೂರಲು ಶುರು ಮಾಡಿದ್ದಾರೆ.

ನಾವು ಕಲಿತದ್ದು

ಪಟ್ಟಿಗಳನ್ನು ಓದಿ, ಖಂಡಿತ ಓದಿ. ಆದರೆ ಓದುವಾಗ ನಾಲ್ಕು ಪ್ರಶ್ನೆ ಕೇಳಿ. ಆರಿಸಿದವರು ಯಾರು? ಹೇಗೆ ಎಣಿಸಿದರು? ಯಾವ ಹಾಡುಗಳನ್ನು ಮೊದಲೇ ಲೆಕ್ಕದಿಂದ ಹೊರಗಿಟ್ಟರು? ಯಾವಾಗ ಬರೆದರು? ಈ ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಸಿಟ್ಟು ಅರ್ಧ ಕಡಿಮೆಯಾಗುತ್ತದೆ, ಪಟ್ಟಿಯಿಂದ ಕಲಿಯುವುದು ಇಮ್ಮಡಿಯಾಗುತ್ತದೆ. ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಹಾಡು ಇದ್ದರೆ ಅದನ್ನು ಮೊದಲು ಕೇಳಿ, ಮತ್ತೆ ಬೇಕಾದರೆ ಜಗಳಕ್ಕೆ ಬನ್ನಿ.

ಇನ್ನೊಂದು, "ನನಗೆ ಇಷ್ಟ" ಎಂಬ ಮಾತಿಗೂ "ಇದು ಚೆನ್ನಾಗಿದೆ" ಎಂಬ ಮಾತಿಗೂ ವ್ಯತ್ಯಾಸ ಉಂಟು. ಮೊದಲನೆಯದಕ್ಕೆ ಕಾರಣ ಬೇಕಿಲ್ಲ, ಎರಡನೆಯದಕ್ಕೆ ಬೇಕು. ಸಾಹಿತ್ಯವೋ, ರಾಗವೋ, ದನಿಯೋ, ಕಥೆಗೆ ಹೊಂದಿದ್ದೋ ಏನೆಂದು ಹೇಳಲು ಕಲಿತರೆ ಮನೆಯಲ್ಲಿ ಅಪ್ಪನ ಹಾಡನ್ನು ಮಗಳು ಗೇಲಿ ಮಾಡುವುದೂ ಮಗಳ ಹಾಡನ್ನು ಅಪ್ಪ "ಇದೂ ಒಂದು ಹಾಡಾ?" ಎನ್ನುವುದೂ ಕಡಿಮೆಯಾಗಬಹುದು. ನಮ್ಮ ಸಭೆಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ಆಯಿತು.

ಆದ್ದರಿಂದ ನಿಮ್ಮೆಲ್ಲರಿಗೂ ಒಂದು ವಿನಂತಿ. ಪ್ರತಿ ಮನೆಯವರೂ ಒಟ್ಟಿಗೆ ಕೂತು ಮೂರು ಹಾಡುಗಳ ಹೆಸರು ಬರೆದು ಕೊಡಿ. ಅಜ್ಜ ಅಜ್ಜಿಯವರದ್ದು ಒಂದು, ಅಪ್ಪ ಅಮ್ಮನದ್ದು ಒಂದು, ಮಕ್ಕಳದ್ದು ಒಂದು. ಭಾಷೆ ಯಾವುದಾದರೂ ಆಗಬಹುದು, ಸಿನಿಮಾದ್ದೇ ಆಗಬೇಕೆಂದಿಲ್ಲ. ನಂಬರ್ ಹಾಕಬೇಡಿ. ಪ್ರತಿ ಹಾಡಿನ ಎದುರು ಅದು ನಿಮ್ಮ ಮನೆಗೆ ಯಾಕೆ ಬೇಕು ಎಂದು ಒಂದೇ ಒಂದು ವಾಕ್ಯ ಬರೆಯಿರಿ. ಸಾಧ್ಯವಾದರೆ ಆ ವಾಕ್ಯವನ್ನು ಮಕ್ಕಳ ಕೈಯಿಂದ, ಕನ್ನಡ ಅಕ್ಷರದಲ್ಲಿ ಬರೆಸಿ. ಕಾಗುಣಿತ ತಪ್ಪಿದರೆ ಪರವಾಗಿಲ್ಲ, ತಿದ್ದಲು ಟೀಚರ್ ಅಕ್ಕ ಇದ್ದಾರೆ.

ಬಂದ ಕಾಗದಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿ ನಮ್ಮ ಹಾಲ್‌ನಲ್ಲಿ ಇಡುತ್ತೇವೆ. ಹತ್ತು ವರ್ಷ ಕಳೆದು ಯಾರಾದರೂ ಅದನ್ನು ತೆರೆದರೆ ಶಿರಿಯದಲ್ಲಿ ಆ ಕಾಲದಲ್ಲಿ ಯಾವ ಮನೆಯಲ್ಲಿ ಏನು ಕೇಳಿಸುತ್ತಿತ್ತು ಎಂದು ತಿಳಿಯಲಿ.

ನಿಮ್ಮ ಕಾಗದಗಳಿಗೆ ಕಾಯುತ್ತಿರುತ್ತೇವೆ.